ಮೊದಲು ಶೀರ್ಷಿಕೆ, ಆಮೇಲೆ ಸಂಸಾರ

ನಮ್ಮ ಅತ್ತಿಗೆಯ ಮನೆಯಲ್ಲಿ ಯಾವುದೂ ತಾನಾಗಿ ನಡೆಯುವುದಿಲ್ಲ. ಮೊದಲು ಅದರ ಶೀರ್ಷಿಕೆ ತಯಾರಾಗುತ್ತದೆ, ಆಮೇಲೆ ಅದು ನಡೆಯುತ್ತದೆ!

ಲೋಕದ ಜನ ಊರು ಸುತ್ತಿ, ಫೋಟೋ ತೆಗೆದು, ಪುರಸೊತ್ತಾದರೆ ಆಲ್ಬಮ್ಮಿಗೆ ಅಂಟಿಸುತ್ತಾರೆ. ಅಮೆರಿಕದ ಬೋಲಿಂಗ್‌ಬ್ರೂಕಿನ ನಮ್ಮ ಅತ್ತಿಗೆಯದು ಪೂರಾ ಉಲ್ಟಾ. ಬಣ್ಣದ ಕಾಗದದಲ್ಲಿ ಒಂದೊಂದೇ ಅಕ್ಷರ ಕತ್ತರಿಸಿ, ಸುತ್ತ ಕಾಗದದ ಹೂವು, ಬಳ್ಳಿ, ಚಿಟ್ಟೆ ಅಂಟಿಸಿ ಪುಟವನ್ನು ಮದುವಣಗಿತ್ತಿಯ ಹಾಗೆ ಸಿಂಗರಿಸಿ ಮುಗಿಸುತ್ತಾರೆ. ನಡುವೆ ಫೋಟೋಗೆ ಅಂತ ಒಂದು ಚೌಕ ಖಾಲಿ. ಆ ಚೌಕ ತುಂಬಿಸುವುದು ನಮ್ಮ ಅಣ್ಣನ ಕರ್ಮ! ಶೀರ್ಷಿಕೆ ಕತ್ತರಿಸಿ ಆದಮೇಲೆ ಅದರಂತೆ ನಡೆಯಲೇಬೇಕು ಎನ್ನುವುದು ಆ ಮನೆಯ ಕಾನೂನು.

ಕನ್ನಡದ ಅಕ್ಷರ ಕತ್ತರಿಸುವುದೆಂದರೆ ಸಾಮಾನ್ಯವೇ? ಒತ್ತಕ್ಷರದ ಹೊತ್ತಿಗೆ ಮನೆಯಲ್ಲಿ ಫ್ಯಾನ್ ಹಾಕುವಂತಿಲ್ಲ, ಸೀನುವಂತಿಲ್ಲ. ಅಣ್ಣ ಸೀನು ಬಂದರೆ ಗರಾಜಿಗೆ ಓಡುತ್ತಾನೆ.

ಇನ್ನು ಅಂಗಡಿಯ ಕಾಗದಕ್ಕೆ "ಕಳೆ ಇಲ್ಲ" ಅಂತೆ. ಹಳೇ ಲಗ್ನಪತ್ರಿಕೆ, ಮಿಠಾಯಿ ಡಬ್ಬದ ಜರಿಕಾಗದ, ಇಂಥವೇ ಆಗಬೇಕು. ಅವರ ಮದುವೆಯ ವಾರ್ಷಿಕೋತ್ಸವಕ್ಕೆ ನಾನು ನಮ್ಮೂರು ವೆಸ್ಟ್ ಬ್ಲೂಮ್‌ಫೀಲ್ಡಿನಿಂದ ಬೆಳ್ಳಿಯ ದೀಪ ಒಯ್ದಿದ್ದೆ. ಸುತ್ತಿದ ಕಾಗದವನ್ನು ಬ್ಲೇಡಿನಿಂದ ನಾಜೂಕಾಗಿ ಬಿಡಿಸಿ, ಇಸ್ತ್ರಿ ಮಾಡಿ ಎತ್ತಿಟ್ಟರು. ಮರುದಿನ ಫೋನು.

"ಎಷ್ಟು ಚೆನ್ನಾಗಿದೆ ಕಣೇ! ಎಲ್ಲಿ ಸಿಕ್ತು?"

"ದೀಪಾನಾ ಅತ್ತಿಗೆ?"

"ಯಾವ ದೀಪ?"

ಕಳೆದ ವರ್ಷ 'ಸೇಬು ಕೀಳುವ ಸಂಭ್ರಮ' ಅಂತ ಕೆಂಪು ಅಕ್ಷರದ ಪುಟ ಹಿಡಿದುಕೊಂಡೇ ನಮ್ಮ ಮನೆಗೆ ಬಂದಿಳಿದರು. ನಮ್ಮ ಕಡೆಯ ತೋಟಗಳೆಲ್ಲ ಸೀಸನ್ ಮುಗಿದು ಬಾಗಿಲು ಹಾಕಿದ್ದವು. ಅತ್ತಿಗೆ ಜಗ್ಗುತ್ತಾರೆಯೇ? ಅಂಗಡಿಯಿಂದ ಒಂದು ಚೀಲ ಸೇಬು ತರಿಸಿ, ದಾರ ಕಟ್ಟಿ, ನಮ್ಮ ಹಿತ್ತಲಿನ ಮೇಪಲ್ ಮರಕ್ಕೆ ನೇತುಹಾಕಿದರು! ಅಣ್ಣ ಏಣಿ ಹತ್ತಿ, ಸೇಬಿಗೆ ಕೈಯಿಟ್ಟು ನಗುತ್ತಾ ನಿಂತ. ಬೇಲಿಯಾಚೆಯ ಅಮೆರಿಕನ್ ಮುದುಕ ಕನ್ನಡಕ ಏರಿಸಿ, ಈ ಮರ ಸೇಬು ಬಿಡುತ್ತದೆಯೇ ಎಂದು ಕೇಳಿದ.

"ಟುಡೇ ಓನ್ಲಿ," ಅಂದ ಅಣ್ಣ.

ಅತ್ತಿಗೆಯ ಮಗಳು ಡ್ರೈವಿಂಗ್ ಟೆಸ್ಟಿಗೆ ಹೋಗುವ ಮೊದಲೇ 'ಮೊದಲ ಸಲಕ್ಕೇ ಪಾಸ್!' ಸಿದ್ಧವಾಗಿತ್ತು, ಕಾಗದದ ಪುಟ್ಟ ಕಾರಿನ ಸಮೇತ. ಹುಡುಗಿ ಎರಡು ಸಲ ಫೇಲಾದಳು. ಕಡೆಗೊಂದು ಬುಧವಾರ ಪಾಸಾದಾಗ ಅದೇ ಪುಟಕ್ಕೆ ಫೋಟೋ ಅಂಟಿತು.

"ಅಮ್ಮಾ, ದಟ್ಸ್ ಎ ಲೈ!" ಅಂದಳು ಮಗಳು.

"ಏನು ಲೈ? ಬುಧವಾರ ಎಷ್ಟು ಸಲ ಕೊಟ್ಟೆ? ಒಂದೇ ಸಲ ತಾನೇ? ಆ ಮೊದಲ ಸಲಕ್ಕೇ ಪಾಸಾಗ್ಲಿಲ್ವಾ?"



ಈ ಚಳಿಗಾಲದಲ್ಲಿ ಅಣ್ಣನ ಹೃದಯ ಕೈಕೊಟ್ಟಿತು. ತಕ್ಷಣ ಬೈಪಾಸ್ ಆಗಬೇಕು ಅಂದರು ಡಾಕ್ಟರು. ನಾನು ಕೈಗೆ ಸಿಕ್ಕ ಕೋಟು ಹಾಕಿಕೊಂಡು, ದಾರಿಯುದ್ದಕ್ಕೂ ಅಳುತ್ತಲೇ ಡ್ರೈವ್ ಮಾಡಿಕೊಂಡು ಆಸ್ಪತ್ರೆಗೆ ಬಂದೆ. ಅಣ್ಣನನ್ನು ಆಗಲೇ ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗಿದ್ದರು. ಹೊರಗೆ ಅತ್ತಿಗೆ ಮಡಿಲಲ್ಲಿ ಕಾಗದ ಹರಡಿಕೊಂಡು ಕೂತಿದ್ದರು. ನನಗೆ ರೇಗಿಹೋಯಿತು.

"ಇಂಥ ಹೊತ್ತಲ್ಲೂ ಕತ್ತರೀನಾ ಅತ್ತಿಗೆ?"

ಅವರು ತಲೆ ಎತ್ತಲಿಲ್ಲ. "ಇದನ್ನ ಸ್ವಲ್ಪ ಹಿಡ್ಕೋ ಕಣೇ. ಒತ್ತು ಕತ್ತರಿಸ್ಬೇಕು."

ಹಿಡಿದುಕೊಂಡೆ. ಅದು ನಾನು ಕೊಟ್ಟ ದೀಪದ ಕಾಗದ. ಇಷ್ಟು ದಿನ ಯಾವ ಪುಟಕ್ಕೂ ಬಳಸದೆ ಇಟ್ಟುಕೊಂಡಿದ್ದರಂತೆ. ಅಕ್ಷರಗಳು ಸೊಟ್ಟಸೊಟ್ಟ, ಒಂದು ಒತ್ತು ಹರಿದೇ ಹೋಗಿತ್ತು. 'ನಡ್ಕೊಂಡೇ ಮನೆಗೆ ಬಂದ್ರು!'

"ಕತ್ತರಿಸಿ ಆಯ್ತು," ಅಂದರು ಅತ್ತಿಗೆ. "ಇನ್ನು ಅವರು ಬರಲೇಬೇಕು." ಆಮೇಲೆ ನನ್ನ ಭುಜಕ್ಕೆ ಮುಖ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತರು.

ಅಣ್ಣ ಬಂದ. ಕಾರಿನಿಂದ ಇಳಿದು, ಕೆಮ್ಮಿದರೆ ಹೊಲಿಗೆ ಜಗ್ಗದಿರಲಿ ಅಂತ ಆಸ್ಪತ್ರೆಯವರು ಕೊಟ್ಟ ದಿಂಬನ್ನು ಎದೆಗೆ ಅವುಚಿಕೊಂಡು, ಹೆಜ್ಜೆ ಮೇಲೆ ಹೆಜ್ಜೆ ಇಡುತ್ತಾ ಹೊಸ್ತಿಲು ದಾಟಿದ.

"ರೀ, ಫೋಟೋದಲ್ಲಿ ಲೈಟ್ ಸರಿ ಬರ್ಲಿಲ್ಲ. ಇನ್ನೊಂದ್ಸಲ ಬನ್ನಿ!"

"ಬದುಕಿ ಬಂದಿದ್ದೇ ಸಾಲದಾ ಮಾರಾಯ್ತಿ?" ಅನ್ನುತ್ತಲೇ ಅಣ್ಣ ಹಿಂದೆ ತಿರುಗಿ, ಹೊರಗೆ ಹೋಗಿ, ಮತ್ತೆ ಬಂದ.

ಮಾರನೆಯ ವಾರವೇ ಅತ್ತಿಗೆ ಊಟದ ಮೇಜಿನ ಮೇಲೆ ಹೊಸ ಪುಟ ಹರಡಿದರು. ಕಾಗದದ ಮಲ್ಲಿಗೆ, ಕಾಗದದ ದೀಪಗಳು, ಚಿನ್ನದ ಬಣ್ಣದಲ್ಲಿ ದೊಡ್ಡ ಅಕ್ಷರ: '80ನೇ ಹುಟ್ಟುಹಬ್ಬ'.

"ಯಾರದೇ ಇದು?" ಅಂದ ಸೋಫಾದ ಮೇಲಿದ್ದ ಅಣ್ಣ.

"ನಿಮ್ದೇ."

"ನಂಗಿನ್ನೂ ಐವತ್ತೆಂಟು ಕಣೇ!"

"ಗೊತ್ತು. ಕತ್ತರಿಸಿ ಆಗಿದೆ."

ಅಣ್ಣ ದಿಂಬನ್ನು ಎದೆಗೆ ಒತ್ತಿಕೊಂಡು ಮೆಲ್ಲಗೆ ಎದ್ದು ಬಂದು, ಹೆಂಡತಿಯ ಪಕ್ಕ ಕೂತು, ಎಂಬತ್ತರ ಸೊನ್ನೆಗೆ ಗೋಂದು ಹಚ್ಚತೊಡಗಿದ.