ಮಡಿಯಲ್ಲಿ ತೆಗೆದ ಫೋಟೋಗಳು

ಯಾರನ್ನಾದರೂ ಎರಡು ನಿಮಿಷ ನೋಡಿದರೆ ಸಾಕು, ಅವರ ಕೆಮ್ಮು, ನಡಿಗೆ, ಮೂಗು ಏರಿಸುವ ರೀತಿ ಎಲ್ಲವನ್ನೂ ಹಾಗೆಯೇ ಇಳಿಸಿಬಿಡುತ್ತೇನೆ. ವಾಡಿ ಸ್ಟೇಷನ್ನಿನ ಚಹಾದವನಿಂದ ಹಿಡಿದು ಸೇಡಂನ ನಮ್ಮ ಕಾಕಾನವರೆಗೆ ಯಾರೂ ಪಾರಾಗಿಲ್ಲ. ಇಂಥ ನನಗೆ ಒಂದು ಪುಸ್ತಕದ ನಕಲು ತೆಗೆಯುವುದು ಯಾವ ಮಹಾ ಕೆಲಸ ಅನ್ನಿಸಿದ್ದು ತಪ್ಪೇ?

ಪುಸ್ತಕವೆಂದರೆ, ತೀರಿಕೊಂಡ ಅಜ್ಜಿ ತಾನೇ ಕಟ್ಟಿ ಬರೆದಿಟ್ಟ ಹಾಡುಗಳ ಪೋಥಿ. ಬೇರೆಲ್ಲೂ ಆ ಹಾಡುಗಳಿಲ್ಲ. ಕಾಕಾನ ದೇವರ ಮನೆಯ ಗೂಡಿನಲ್ಲಿದ್ದ ಅದಕ್ಕೆ ಗೆದ್ದಲು ಹತ್ತಿ, ಕೊನೆಯ ಎರಡು ಹಾಡು ಆಗಲೇ ಅದರ ಹೊಟ್ಟೆ ಸೇರಿದ್ದವು. ಝೆರಾಕ್ಸ್ ಯಂತ್ರದ ಮೇಲೆ ಬೋರಲು ಹಾಕಿದರೆ ಹಾಳೆಗಳು ಪುಡಿಯಾಗಿಯೇ ಏಳುತ್ತಿದ್ದವು. ಗುಲ್ಬರ್ಗಾದಲ್ಲಿ ಸ್ಕ್ಯಾನ್ ಮಾಡಿಸೋಣವೆಂದರೆ, ಹಾಳೆಯ ದರ ಕೇಳಿಯೇ ಕಾಕಾ ಕುಳಿತುಬಿಟ್ಟಿದ್ದರು. ನಾನು ವಾಡಿಯ ಗೆಳೆಯ ವಿನೋದನ ಡಿಜಿಟಲ್ ಕ್ಯಾಮೆರಾ ಕಡ ತಂದೆ. ಸೊಟ್ಟ ಹಾಳೆ ಒತ್ತಲು ಹಳೇ ಫ್ರೇಮಿನ ಗಾಜು ಕಳಚಿದೆ.

"ನಿಂದು ಸ್ನಾನ ಆಗ್ಯದ, ಖರೆ. ಆ ಡಬ್ಬಿದು?" ಕ್ಯಾಮೆರಾ ನೋಡಿ ಕಾಕಾ ಕೇಳಿದರು. "ಮಡಿ ಇಲ್ಲದ್ದು ಪೋಥಿ ಹತ್ರ ತರಬ್ಯಾಡ."

ಅಡಿಗೆ ಮನೆಯಿಂದ ಅವರ ಹೆಂಡತಿ, ನಮ್ಮ ಕಾಕು, ಕೂಗಿದರು: "ಗೆದ್ದಲು ಏನ್ ಸ್ನಾನ ಮಾಡಿ, ಮಡಿ ಉಟ್ಕೊಂಡು ತಿನ್ಲಿಕತ್ತದೇನ್ರಿ?"

ಕಾಕಾ ರಾಜಿಗೆ ಬಂದರು. ಅಂಗಳದ ಬಿಸಿಲಿನಲ್ಲಿ ಮಣೆ, ಮಣೆಯ ಮೇಲೆ ಪೋಥಿ. ಮಡಿ ಧೋತರದ ಕಾಕಾ ಹಾಳೆ ತಿರುವಿ, ತೊಳೆದ ಗಾಜು ಇಡಬೇಕು. ನಾನು ಏನನ್ನೂ ಮುಟ್ಟದೆ, ಸ್ಟೂಲಿನ ಮೇಲೆ ನಿಂತು ಬಗ್ಗಿ ಫೋಟೋ ಹೊಡೆಯಬೇಕು. ಬಿಸಿಲಿಗೆ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಆದರೂ ಪ್ರತಿ ಹಾಳೆಗೂ ಅವರು "ಬಂತೇನೋ?" ಎಂದರೆ, ನಾನು "ಭಾಳ ಛಲೋ ಬಂತ್ರಿ ಕಾಕಾ" ಎನ್ನುತ್ತಿದ್ದೆ.

ಸಂಜೆ ನಾನೂ ಕಾಕಾನೂ ವಾಡಿಗೆ ಹೋಗಿ ವಿನೋದನ ಕಂಪ್ಯೂಟರ್ ಮುಂದೆ ಕೂತೆವು. ಅಂಚಿನ ಅಕ್ಷರಗಳು ಮುತ್ತಿನಂತೆ ಹೊಳೆಯುತ್ತಿದ್ದವು. ನಡುವೆ ಮಾತ್ರ, ಒಂದೊಂದು ಹಾಳೆಯಲ್ಲೂ, ಕರ್ರಗಿನ ಒಂದು ಕುಂಬಳಕಾಯಿ. ಅದಕ್ಕೆ ಎರಡು ಕಿವಿ ಬೇರೆ. ಸೂರ್ಯನಿಗೆ ಬೆನ್ನು ಕೊಟ್ಟು ನಿಂತಿದ್ದ ನಾನು ನನ್ನ ತಲೆಯ ನೆರಳನ್ನೇ ಅಚ್ಚುಕಟ್ಟಾಗಿ ಸಂಗ್ರಹಿಸಿದ್ದೆ! ವಿನೋದ ಬಿದ್ದು ಬಿದ್ದು ನಕ್ಕ. ಕಾಕಾ ಬೈಯಲಿಲ್ಲ, "ನಾಳೆ ಬಿಸಲಿಗಿ ಮಾರಿ ಮಾಡಿ ನಿಲ್ಲು" ಎಂದರಷ್ಟೆ.

ಮರುದಿನ ಹಾಗೆಯೇ ನಿಂತೆ. ಉಳಿದಿದ್ದ ಹಾಡುಗಳೆಲ್ಲ ಬಂದವು, ಅಜ್ಜಿ ಒರೆಸಿ ತಿದ್ದಿದ ಗುರುತುಗಳ ಸಮೇತ. ಒಂದು ಸಿಡಿ ಸೇಡಂನಲ್ಲಿ, ಒಂದು ಚಿತ್ತಾಪುರದ ಅತ್ತೆಯ ಮನೆಯಲ್ಲಿ, ಒಂದು ವಾಡಿಯಲ್ಲಿ ನನ್ನ ಹತ್ತಿರ. ಇನ್ನು ಗೆದ್ದಲಿಗೆ ಹಸಿವಾದರೆ ಬಸ್ ಹಿಡಿದು ಮೂರು ಊರು ತಿರುಗಬೇಕು.

ಸಿಡಿ ಬರೆಸುವ ಮುಂಚೆ ಆ ಕುಂಬಳಕಾಯಿ ಫೋಟೋಗಳನ್ನು ಗಡಿಬಿಡಿಯಲ್ಲಿ ಅಳಿಸುತ್ತಿದ್ದೆ. ಕಾಕಾ ನನ್ನ ಕೈ ಹಿಡಿದರು.

"ಏ, ಒಂದರೆ ಇಡಪಾ. ನಿನ್ನ ತಲಿ ಒಮ್ಮೆರೆ ಪುಸ್ತಕದ ಮ್ಯಾಲ ಬಗ್ಗಿತ್ತು ಅನ್ನೋದಕ್ಕ ಪುರಾವೆ ಬೇಕಲ್ಲ!"