ನಮ್ಮ ಮಾವ ಮತ್ತು ದಮ್ಮಿನ ನಮೂನೆಗಳು

ನನ್ನ ಸೋದರಮಾವನ ಎದುರಿಗೆ ಕೆಮ್ಮುವ ಧೈರ್ಯ ನಮ್ಮ ಬಳಗದಲ್ಲಿ ಯಾರಿಗೂ ಇಲ್ಲ. ಗಂಟಲಲ್ಲಿ ಅವಲಕ್ಕಿ ಸಿಕ್ಕರೂ ಎದ್ದು ಹಿತ್ತಲಿಗೆ ಹೋಗಿ ಕೆಮ್ಮಿ ಬರುತ್ತೇವೆ. ಎದುರಿಗೇ ಕೆಮ್ಮಿದಿರೋ, ತಲೆಯಿಂದ ಕಾಲಿನವರೆಗೆ ನೋಡಿ, "ಇಂವ ಎರಡನೇ ನಮೂನಿ" ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಅದರ ಮೇಲೆ ಅಪೀಲು ಇಲ್ಲ.

ಮಾವ ರೋಣದಲ್ಲಿ ದಲಾಲಿ ಅಂಗಡಿ ಇಟ್ಟವರು. ಹೆಸರು, ಕಡಲೆ, ಮೆಣಸಿನಕಾಯಿ, ಏನೇ ಬರಲಿ, ಚೀಲದಿಂದ ಒಂದು ಹಿಡಿ ತೆಗೆದು ನೋಡಿ ಯಾವ ನಮೂನೆಯ ಮಾಲು ಎಂದು ಹೇಳುವುದೇ ಅವರ ಕಸುಬು. ಆ ಧೂಳು, ಜೊತೆಗೆ ಬೀಡಿ. ಎರಡೂ ಸೇರಿ ಪುಪ್ಪುಸ ದಣಿದವು. ಅಂಗಡಿಯನ್ನು ಮಗನಿಗೆ ಬಿಟ್ಟು ಸವಡಿಯ ಮನೆ ಸೇರಿದರು. ತಿಂಗಳಿಗೊಮ್ಮೆ ತಮ್ಮ ಎದೆ ತೋರಿಸಲು, ಅತ್ತೆಯನ್ನು ಜೊತೆಗೆ ಕರೆದುಕೊಂಡು ರೋಣದ ದವಾಖಾನೆಗೆ ಬಂದು ಬೆಂಚಿನ ಮೇಲೆ ಕೂಡುತ್ತಾರೆ. ಕೈಗೆ ಮಾಲು ಸಿಗದಿದ್ದರೇನು, ಕಣ್ಣಿಗೆ ಮನುಷ್ಯರು ಸಿಕ್ಕರಲ್ಲ?

ದಮ್ಮಿನವರಲ್ಲಿ ಎರಡು ನಮೂನೆ ಎಂದು ಕಂಡುಕೊಂಡರು. ಒಂದನೆಯವರು ಸಣಕಲು, ಕಫ ಕಡಿಮೆ. ಬಿಸಿ ಚಹಾ ಊದುವವರ ಹಾಗೆ ತುಟಿ ಕೂಡಿಸಿ ಉಸಿರು ಬಿಡುತ್ತಾರೆ. ಎರಡನೆಯವರು ಮೈತುಂಬಿದವರು, ಎದೆಯಲ್ಲಿ ಗೊರಗೊರ, ಬೆಳಗಾದರೆ ಕಫ, ತುಟಿ ನೀಲಿ, ಕಾಲು ಬಾವು. ಇನ್ನು ಕೆಲವರು ವರ್ಷವಿಡೀ ನೆಟ್ಟಗಿದ್ದು ಜೋಳದ ರಾಶಿಯ ಹೊತ್ತಿಗೆ ಮಾತ್ರ ಸುಂಯ್ ಎನ್ನುತ್ತಾರೆ. ಇವರು ಸುಗ್ಗಿ ಗಿರಾಕಿಗಳು, ಲೆಕ್ಕಕ್ಕಿಲ್ಲ.

ಡಾಕ್ಟರ್ ಮೇಡಂ ಇದನ್ನು ಕೇಳಿ ನಕ್ಕರು. "ನಮ್ಮ ಹಳೇ ಪುಸ್ತಕದಾಗೂ ಹಿಂಗ ಇತ್ರಿ ಯಜಮಾನ್ರ. ಈಗ ಬಿಟ್ಟೀವಿ. ಭಾಳ ಮಂದಿಗೆ ಎರಡೂ ಕೂಡಿರತಾವ. ಕೊಳವಿ ಊದಿಸಿ ನೋಡತೀವಿ, ಎಷ್ಟ ನಡದ್ರ ತೇಕತಾರ ಅಂತ ಕೇಳತೀವಿ."

"ನೋಡಿದ್ರ ಗೊತ್ತಾಗತೈತ್ರಿ. ಊದಸೂದ್ಯಾಕ?" ಅಂದರು ಮಾವ. ಅಂಗೈ ಮೇಲಿನ ಹೆಸರುಕಾಳನ್ನು ಉಫ್ ಎಂದು ಊದದೆ ಇವರು ಎಂದಾದರೂ ದರ ಹೇಳಿದ್ದುಂಟೆ?

ನರಗುಂದದ ಬಸ್ಸಿನಲ್ಲಿ ಒಮ್ಮೆ ಒಬ್ಬ ಸಣಕಲು ಮನುಷ್ಯ ಹತ್ತಿ, ಕಂಬ ಹಿಡಿದು ತೇಕುತ್ತಿದ್ದ. "ಒಂದನೇ ನಮೂನಿ. ಜಾಗಾ ಬಿಡ್ರಿ" ಎಂದು ಮಾವ ಇಬ್ಬರನ್ನು ಎಬ್ಬಿಸಿದರು. ಆತ ಆರಾಮಾಗಿ ಕೂತು, ಉಸಿರು ತಿರುಗಿದ ಮೇಲೆ ಹೇಳಿದ: "ಬಸ್ಸಿನ ಹಿಂದ ಓಡಿ ಬಂದೀನ್ರಿ ಯಪ್ಪಾ. ನೀವು ಓಡಿದ್ರ ನೀವೂ ಒಂದನೇ ನಮೂನಿ."

ನನ್ನ ತಂಗಿಗೆ ಗಂಡು ನೋಡಲು ಗಜೇಂದ್ರಗಡಕ್ಕೆ ಹೋದಾಗ ಇನ್ನೂ ಚಂದ. ಗಂಡಿನ ಅಪ್ಪ ಗೊರಗೊರ ಕೆಮ್ಮಿದರು. ಮಾವ ಚಹಾದ ಬಸಿ ಕೆಳಗಿಟ್ಟು, "ಕಾಲು ತೋರಸ್ರಿ" ಎಂದು ಮೊಣಕಾಲ ಕೆಳಗೆ ಬೆರಳೊತ್ತಿದರು. ಕುಳಿ ಬಿತ್ತು. ಸಂಬಂಧವೂ ಬಿದ್ದುಹೋಯಿತು. ಎಂಟು ದಿನಕ್ಕೆ ಅಲ್ಲಿಂದ ಫೋನು ಬಂತು: "ಹೆಣ್ಣಿನ ಮಾತು ಇರಲ್ರಿ. ನಿಮ್ಮ ಡಾಕ್ಟರು ಯಾವ ವಾರ ಸಿಗತಾರ, ಅಷ್ಟ ಹೇಳ್ರಿ."

ಮೊನ್ನೆ ನಾನೂ ದವಾಖಾನೆಗೆ ಜೊತೆಗೆ ಹೋಗಿದ್ದೆ. ಮೇಡಂ ಮಾವನ ಎದೆ ನೋಡುತ್ತಿದ್ದವರು, ಹಿಂದೆ ಚೀಲ ಹಿಡಿದು ನಿಂತ ಅತ್ತೆಯನ್ನು ನೋಡಿದರು. "ಯಮ್ಮಾ, ಎಷ್ಟ ದಿನದಿಂದ ಹಿಂಗ ತೇಕತೀರಿ?"

"ಆಕಿಗೇನಿಲ್ರಿ" ಅಂದರು ಮಾವ. "ಬೀಡಿ ಮುಟ್ಟಿದಾಕಿ ಅಲ್ಲ. ಅದು ಒಲಿ ಕೆಮ್ಮ. ನಮ್ಮ ಕಡೆ ಎಲ್ಲಾ ಹೆಣ್ಮಕ್ಕಳಿಗೂ ಇರತೈತಿ."

ಅತ್ತೆಯೂ ಹೌದೆಂದರು. ಮನೆಯಲ್ಲಿ ಗ್ಯಾಸ್ ಇದೆ, ಚಹಾ ಕಾಸಲಿಕ್ಕೆ. ರೊಟ್ಟಿ ಮಾತ್ರ ಕಟ್ಟಿಗೆಯ ಒಲೆಯ ಮೇಲೇ ಆಗಬೇಕು, ಗ್ಯಾಸಿನ ರೊಟ್ಟಿ ಮಾವನ ಗಂಟಲಲ್ಲಿ ಇಳಿಯುವುದಿಲ್ಲ.

ಮೇಡಂ ಕೊಳವೆ ಊದಿಸಿದರು. ಅತ್ತೆಯ ಕಣ್ಣಲ್ಲಿ ನೀರು ಬಂತೇ ಹೊರತು ಉಸಿರು ಬರಲಿಲ್ಲ. "ಯಜಮಾನ್ರ, ಇವರ ಪುಪ್ಪುಸ ನಿಮ್ಮವಕಿಂತ ಕೆಟ್ಟಾವ. ಹೊಗಿ ಬೀಡೀದಾದ್ರೇನು, ಒಲೀದಾದ್ರೇನು? ಇನ್ನ ಒಲಿ ಮುಂದ ಕುಂತ್ರ ಇವರು ಉಳಿಯೂದು ಕಷ್ಟ."

ಯಾವ ನಮೂನೆ ಎಂದು ಮಾವ ಹೇಳಲಿಲ್ಲ. ಊರ ಮಂದಿಯ ಕೆಮ್ಮನ್ನೆಲ್ಲ ತೂಗಿದವರು ಮಗ್ಗುಲಲ್ಲೇ ಕೂತವಳದನ್ನು ಕೇಳಿಸಿಕೊಂಡಿರಲಿಲ್ಲ. ನನಗೆ ಸಿಟ್ಟು ಬಂತು. ಆದರೆ ಅವರ ಮುಖ ನೋಡಿದ ಮೇಲೆ ಆ ಸಿಟ್ಟು ಬಹಳ ಹೊತ್ತು ನಿಲ್ಲಲಿಲ್ಲ.

ಬಸ್ ಸ್ಟ್ಯಾಂಡಿಗೆ ನಡೆದುಕೊಂಡು ಹೊರಟೆವು. ಯಾವಾಗಲೂ ನಾಲ್ಕು ಮಾರು ಮುಂದೆ ನಡೆಯುವ ಮಾವ ಅಂದು ಅತ್ತೆಯ ಪಕ್ಕದಲ್ಲೇ ಇದ್ದರು. ಉಳ್ಳಾಗಡ್ಡಿಯ ಗಾಡಿ ಕಂಡಲ್ಲಿ ನಿಂತು ದರ ಕೇಳಿದರು, ಕೊಳ್ಳಲಿಲ್ಲ. ಪಾತ್ರೆ ಅಂಗಡಿಯ ಮುಂದೆ ನಿಂತು ಕೊಡ ಬಾರಿಸಿ ನೋಡಿದರು, ಕೊಳ್ಳಲಿಲ್ಲ. ಅತ್ತೆಯ ಉಸಿರು ತಿರುಗುವ ತನಕ ನಿಲ್ಲುವುದು, ಮತ್ತೆ ಹೊರಡುವುದು. ಕೊನೆಗೆ ಅತ್ತೆ ಒಂದು ಅಂಗಡಿಯ ಕಟ್ಟೆ ಹಿಡಿದು ನಿಂತೇಬಿಟ್ಟರು. "ಮಂದಿ ನೋಡತಾರ, ನಡೀರಿ" ಎಂದು ನಾಚಿಕೊಂಡರು.

ಅಂಗಡಿಯಾತ ಮಾವನ ಹಳೆಯ ವ್ಯಾಪಾರದ ಗೆಳೆಯ. ಹೊರಗೆ ಬಂದು, "ಯಾಕ್ರಿ, ಯಾರಿಗಿ ಆರಾಮಿಲ್ಲ?" ಎಂದು ಕೇಳಿದ.

ತಮಗೆ ದಮ್ಮು ಇದೆ ಎಂದು ಮಾರ್ಕೆಟ್ಟಿನವರ ಮುಂದೆ ಮಾವ ಒಪ್ಪಿದವರೇ ಅಲ್ಲ. ಅತ್ತೆಯ ಕೈಯಿಂದ ಚೀಲ ಇಸಿದುಕೊಂಡು ಅದೇ ಕಟ್ಟೆಯ ಮೇಲೆ ಕೂತರು.

"ನನಗಪಾ" ಅಂದರು. "ನನಗ ದಮ್ಮು ಐತಿ. ನಾಕ ಹೆಜ್ಜಿ ನಡಿಯಾಕ ಆಗೂದಿಲ್ಲ. ಪಾಪ, ಆಕಿ ನನ್ನ ಸಲುವಾಗಿ ನಿಂತಾಳ."