ಅಲ್ಲಿ ಬಟ್ಟೆ ಯಾರು ಒಗೆದರು?

ನಮ್ಮ ಸೋದರಮಾವ ತಿರುವನಂತಪುರದಲ್ಲಿ ರಾಕೆಟ್ಟಿನ ದಾರಿ ಲೆಕ್ಕ ಹಾಕುವ ವಿಜ್ಞಾನಿ. ಆದರೆ ಅವರ ನಿಜವಾದ ಪ್ರತಿಭೆ ಬೆಳಗುವುದು ಪರರ ಮಾಸಿದ ಬಟ್ಟೆಯ ಮುಂದೆ!

ಕಾಲೇಜಿನಿಂದ ಪರದೇಶಕ್ಕೆ ಅಧ್ಯಯನ ಪ್ರವಾಸ ಹೋಗಿಬಂದ ಮಕ್ಕಳನ್ನು ಲೋಕವೆಲ್ಲ ಏನು ಕೇಳುತ್ತದೆ? ಹಿಮ ನೋಡಿದೆಯಾ, ಚಾಕಲೇಟ್ ತಂದೆಯಾ. ಮಾವ ಕೇಳುವುದು ಒಂದೇ: ಅಲ್ಲಿ ಬಟ್ಟೆ ಯಾರು ಒಗೆದರು? ಉತ್ತರ ಕೇಳಿ, ಈ ಮಗು ಮುಂದೆ ಅಲ್ಲಿ ಕೆಲಸಕ್ಕೆ ಹೋಗುತ್ತದೋ ಇಲ್ಲವೋ ಹೇಳಿಬಿಡುತ್ತಾರೆ.

ನರ್ಸಿಂಗ್ ಓದುವ ಪಕ್ಕದ ಮನೆ ಹುಡುಗಿ ಜರ್ಮನಿಯಿಂದ ಬಂದಳು. ಹಾಸ್ಟೆಲಿನ ವಾಷಿಂಗ್ ಮಿಷನ್ನಿಗೆ ಕೆಂಪು ದುಪ್ಪಟ್ಟಾ ಹಾಕಿ, ಬಿಳಿ ಕೋಟನ್ನು ಗುಲಾಬಿ ಮಾಡಿಕೊಂಡು, ಅದನ್ನೇ ತೊಟ್ಟು ಓಡಾಡಿದೆ ಎಂದಳು. ಇವಳು ಹೋಗುತ್ತಾಳೆ ಎಂದು ಮಾವ ಅವಳ ಅಮ್ಮನ ಎದುರಿಗೇ ತೀರ್ಪು ಕೊಟ್ಟರು. ಹೋದಳು. ಅವಳ ಅಮ್ಮ ಇವತ್ತಿಗೂ ಮಾವನನ್ನು ಕಂಡರೆ ಗೇಟು ಹಾಕಿಕೊಳ್ಳುತ್ತಾರೆ.

ಮಾವನ ಸಹೋದ್ಯೋಗಿಯ ಮಗ ಸಿಂಗಪುರಕ್ಕೆ ಹೊರಟಾಗ ಅಲ್ಲೇ ನೆಲೆಸುವವನಂತೆ ಎಲ್ಲರ ಕಾಲಿಗೆ ಬಿದ್ದಿದ್ದ. ಬಂದು ಸೂಟ್‌ಕೇಸ್ ತೆರೆದಾಗ, ಒಗೆಯದ ಬಟ್ಟೆಯ ವಾಸನೆಗೆ ಮನೆಯ ಬೆಕ್ಕು ಕಿಟಕಿಯಿಂದ ಹಾರಿತು! ಅವನೀಗ ಕೊಚ್ಚಿ ಬಳಿಯ ಅಂಬಲಮುಗಳಿನ ತೈಲಾಗಾರದಲ್ಲಿದ್ದಾನೆ, ಅಮ್ಮನನ್ನೂ ಅಲ್ಲಿಗೇ ಕರೆಸಿಕೊಂಡು ದಿನವೂ ಅವಳು ಬೇಯಿಸಿದ ಪುಟ್ಟು ತಿನ್ನುತ್ತಾನೆ.

ಇದೆಂಥ ವಿಜ್ಞಾನ ಎಂದು ಮಾವನನ್ನೇ ಕೇಳಿದ್ದೆ.

"ಊರು ನೋಡಕ್ಕೆ ಹೋದೋನು ವಾಪಸ್ ಬರ್ತಾನೆ ಕಣೋ. ಅಲ್ಲಿ ಬನಿಯನ್ ಒಗೆದು ಒಣಗಿಸಿಕೊಂಡೋನು ಆಗ್ಲೇ ಅಲ್ಲಿ ಸಂಸಾರ ಹೂಡಿರ್ತಾನೆ."

ಮೂಗಿನ ತುದಿಗೆ ಕನ್ನಡಕ ಇಳಿಸಿ, ಗೊಗ್ಗರು ದನಿಯಲ್ಲಿ ಈ ಮಾತನ್ನು ನಾನು ಎಷ್ಟು ಮನೆಗಳಲ್ಲಿ ಅನುಕರಿಸಿ ತೋರಿಸಿಲ್ಲ! ಎಲ್ಲರ ದನಿಯನ್ನೂ ಕದಿಯುವ ಈ ಮಹಾಕಲಾವಿದ ತನ್ನ ಬಟ್ಟೆಯನ್ನು ಮಾತ್ರ ಎಂದೂ ಒಗೆದವನಲ್ಲ. ಕಳಮಶ್ಶೇರಿಯ ಕಾಲೇಜು ಹಾಸ್ಟೆಲಿನಿಂದ ವಾರ ಬಿಟ್ಟು ವಾರ ಗಂಟು ಹೊತ್ತು ಮಾವನ ಮನೆಗೆ ರೈಲು ಹತ್ತುತ್ತಿದ್ದೆ. ಮಿಷನ್ನಿಗೆ ಕಾಲರ್ ತಿಳಿಯುವುದಿಲ್ಲ ಎಂದು ಮಾವ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ತಾವೇ ಬ್ರಷ್ ಹಿಡಿಯುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕೂತು ನಮ್ಮ ಮೇಷ್ಟರುಗಳನ್ನೆಲ್ಲ ಅನುಕರಿಸುತ್ತಿದ್ದೆ. ಮಕ್ಕಳಿಲ್ಲದ ಆ ಮನೆಯಲ್ಲಿ ಅದೇ ದೊಡ್ಡ ಗದ್ದಲ.

ಈ ವರ್ಷ ಕಾಲೇಜು ನನ್ನನ್ನೂ ಜಪಾನಿಗೆ ಕಳಿಸಿತು. ಅಲ್ಲೊಂದು ಸಂಜೆ ಬಟ್ಟೆಯೆಲ್ಲ ಮುಗಿದು, ಬೀದಿ ಕೊನೆಯ ಲಾಂಡ್ರಿಯಲ್ಲಿ ಮಿಷನ್ ತಿರುಗುವುದನ್ನೇ ನೋಡುತ್ತ ಕೂತೆ. ಪಕ್ಕದಲ್ಲಿ ಸಾಕ್ಸ್ ಮಡಿಸುತ್ತಿದ್ದ ಅಜ್ಜ, ದಿನವೂ ನೋಡುವವನಂತೆ ತಲೆಯಾಡಿಸಿದ. ನಾನಿಲ್ಲಿ ಇರಬಲ್ಲೆ ಅನ್ನಿಸಿತು. ಕೋಟೆ, ಬುಲೆಟ್ ರೈಲು ನೋಡಿದಾಗ ಹಾಗೆ ಅನ್ನಿಸಿರಲಿಲ್ಲ. ಅವರ ಲೆಕ್ಕ ಸರಿಯಾಯಿತಲ್ಲ ಎಂದು ಮಾವನ ಮೇಲೆ ಸಿಟ್ಟೇ ಬಂತು.

ವಾಪಸಾದಾಗ ವಿಮಾನ ನಿಲ್ದಾಣಕ್ಕೆ ಬಂದಿದ್ದ ಮಾವ ದಾರಿಯುದ್ದಕ್ಕೂ ಟ್ರಾಫಿಕ್ಕಿನ ಬಗ್ಗೆ ಮಾತಾಡಿದರು. ಊಟವಾಯಿತು, ಎಲೆಯಡಿಕೆಯಾಯಿತು, ಆ ಪ್ರಶ್ನೆ ಮಾತ್ರ ಬರಲಿಲ್ಲ. ಕೊನೆಗೆ ನಾನೇ ಅವರ ಗೊಗ್ಗರು ದನಿಯಲ್ಲಿ ಕೇಳಿದೆ:

"ಏನಪ್ಪಾ, ಅಲ್ಲಿ ಬಟ್ಟೆ ಯಾರು ಒಗೆದರು?"

ಅತ್ತೆ ನಕ್ಕರು. ಮಾವ, ಸುಸ್ತಾಗಿರುತ್ತೀಯ, ಮಲಗು ಎಂದು ಎದ್ದುಹೋದರು.

ಬೆಳಿಗ್ಗೆ ಎಚ್ಚರವಾದದ್ದು ಹಿತ್ತಲಿನ ಬ್ರಷ್ ಸದ್ದಿಗೆ. ನಾನು ಒಗೆದು, ಮಡಿಸಿ ತಂದಿದ್ದ ಬಟ್ಟೆಯೆಲ್ಲ ಬಕೆಟ್ಟಿನಲ್ಲಿ ನೆನೆಯುತ್ತಿತ್ತು.

"ಮಾವ, ಅವೆಲ್ಲ ಒಗೆದಿರೋದು."

"ಕಾಲರ್ ಕೊಳೆ ಹೋಗಿಲ್ಲ." ಅವರು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಪಕ್ಕಕ್ಕೆ ಸರಿದು ಕಲ್ಲಿನ ಮುಂದೆ ಜಾಗ ಮಾಡಿದರು. "ಬಾ, ಉಜ್ಜೋದು ಹೇಗೇಂತ ತೋರಿಸ್ತೀನಿ. ಅಲ್ಲಿ ನಿಂಗೆ ಯಾರು ಹೇಳಿಕೊಡ್ತಾರೆ?"

ಅಂಗಿಯ ಕಾಲರ್ ಮೊದಲೇ ಅಚ್ಚ ಬಿಳಿಯಾಗಿತ್ತು. ನಾನು ಬ್ರಷ್ ತೆಗೆದುಕೊಂಡೆ.